ಪರೇಲಿನ ಚಾಳಿನ ವಿದ್ವಾಂಸ: ಡಾ. ಭೀಮರಾವ್ ಅಂಬೇಡ್ಕರ್

ಪ್ರತಿವರ್ಷ ಶಾಲೆ ಆರಂಭವಾಗಿ ಕೆಲವು ವಾರಗಳು ಕಳೆಯುವಷ್ಟರಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬುವ ಗಡಿಬಿಡಿ ತೊಡಗುತ್ತದೆ. ಅರ್ಜಿಯೊಡನೆ ಲಗತ್ತಿಸಬೇಕಾದ ಕಾಗದಗಳಲ್ಲಿ ಎರಡು ಮುಖ್ಯವಾದುವು. ಒಂದು ತಂದೆತಾಯಿಗಳ ವರಮಾನದ ದಾಖಲೆ, ಇನ್ನೊಂದು ಜಾತಿಯ ದಾಖಲೆ. ಒಮ್ಮೆ ಆಂಟಾಪ್ ಹಿಲ್‌ನ ವಿದ್ಯಾರ್ಥಿಯೊಬ್ಬನು, ಬಡವರಿಗೆ ಸಹಾಯ ಮಾಡುವುದಾದರೆ ವರಮಾನದ ಕಾಗದವೊಂದೇ ಸಾಲದೆ, ಜಾತಿಯನ್ನೇಕೆ ಕೇಳುತ್ತಾರೆ ಎಂದು ಪ್ರಶ್ನಿಸಿದನು. ಅವನ ಪಕ್ಕದಲ್ಲಿದ್ದ ಹುಡುಗನು ತಲೆಯೆತ್ತಿ, ತನ್ನ ಅಜ್ಜನ ಕಿಸೆಯಲ್ಲಿ ಹಣವಿದ್ದರೂ ಊರಿನ ಚಹದಂಗಡಿಯಲ್ಲಿ ಅವನನ್ನು ಹೊರಗೆ ನಿಲ್ಲಿಸಿಯೇ ಚಹ ಕೊಡುತ್ತಿದ್ದರೆಂದು ಹೇಳಿ ಮತ್ತೆ ತಲೆ ತಗ್ಗಿಸಿದನು. ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪ್ರಶ್ನೆ ಕೇಳಿದವನ ತಂದೆಯೂ ನಿಜವಾಗಿ ಬಡವನೇ ಎಂಬುದು ನನಗೆ ಗೊತ್ತಿತ್ತು. ಇಬ್ಬರ ಮಾತೂ ಸತ್ಯವಾಗಿತ್ತು. ಒಂದು ವಾಕ್ಯದಲ್ಲಿ ಉತ್ತರ ಹೇಳಲು ನನ್ನಿಂದಾಗಲಿಲ್ಲ.

ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ತಮ್ಮ ಆಯುಷ್ಯವನ್ನೆಲ್ಲ ಸವೆಸಿದ ಮಹನೀಯರೊಬ್ಬರು ನಮ್ಮ ನೆರೆಯಲ್ಲಿಯೇ ವಾಸವಾಗಿದ್ದರು. ಆಂಟಾಪ್ ಹಿಲ್‌ನಿಂದ ಹೊರಟು ವಡಾಲಾದ ರೈಲುಹಳಿಗಳನ್ನು ದಾಟಿ, ಫೈವ್ ಗಾರ್ಡನ್ಸ್‌ನ ಮರಗಳ ನೆರಳಿನಲ್ಲಿ ನಡೆದರೆ ದಾದರಿನ ಹಿಂದೂ ಕಾಲನಿ ಸಿಗುತ್ತದೆ. ಅಲ್ಲಿ ರಾಜಗೃಹವೆಂಬ ಮನೆಯಿದೆ. ಅದನ್ನು ಕಟ್ಟಿಸಿದವರು ಡಾಕ್ಟರ್ ಭೀಮರಾವ್ ರಾಮಜಿ ಅಂಬೇಡ್ಕರ್. ಅವರ ಪ್ರತಿಮೆಯನ್ನು ನೀವೆಲ್ಲರೂ ನೋಡಿರುವಿರಿ. ನೀಲಿ ಕೋಟು, ಕೈಯಲ್ಲಿ ಸಂವಿಧಾನದ ಗ್ರಂಥ, ಮುಂದಕ್ಕೆ ಚಾಚಿದ ಬೆರಳು. ಆದರೆ ಪ್ರತಿಮೆಗಿಂತ ಮೊದಲು ಬಾಲಕನೊಬ್ಬನಿದ್ದನು. ಅವನ ಕಥೆಯನ್ನು ಅಲ್ಲಿಂದಲೇ ತೊಡಗಬೇಕು.

ಭೀಮರಾಯರು ಜನಿಸಿದುದು 1891ನೆಯ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ಎಂಬ ಸೈನಿಕ ಠಾಣ್ಯದಲ್ಲಿ. ಅವರ ಮನೆತನದವರು ಕೊಂಕಣದ ರತ್ನಾಗಿರಿ ಜಿಲ್ಲೆಯ ಅಂಬಡವೆ ಗ್ರಾಮದವರು, ಮಹಾರ ಜಾತಿಯವರು. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದು ಸೈನಿಕ ಶಾಲೆಯಲ್ಲಿ ಉಪಾಧ್ಯಾಯ ವೃತ್ತಿಯನ್ನು ನಡೆಸಿದವರು. ತಾಯಿ ಭೀಮಾಬಾಯಿಯವರ ಹದಿನಾಲ್ಕನೆಯ ಕೂಸು ಇವರು. ಮಗುವಿಗೆ ಇನ್ನೂ ಬುದ್ಧಿ ಬಲಿಯುವ ಮೊದಲೇ ತಾಯಿ ತೀರಿಕೊಂಡರು. ಕುಟುಂಬವು ಸಾತಾರೆಯಲ್ಲಿ ನೆಲಸಿತು.

ಸಾತಾರೆಯ ಶಾಲೆಯಲ್ಲಿ ಈ ಬಾಲಕನು ಉಳಿದ ಹುಡುಗರೊಡನೆ ಕೂಡುವಂತಿರಲಿಲ್ಲ. ಮನೆಯಿಂದ ತಂದ ಗೋಣಿತಟ್ಟನ್ನು ಮೂಲೆಯಲ್ಲಿ ಹಾಸಿ ಕುಳಿತುಕೊಳ್ಳಬೇಕು. ಸಂಜೆ ಅದನ್ನು ಮಡಿಚಿ ಮನೆಗೆ ಒಯ್ಯಬೇಕು, ಏಕೆಂದರೆ ಶಾಲೆಯನ್ನು ಗುಡಿಸುವ ಆಳು ಕೂಡ ಅದನ್ನು ಮುಟ್ಟುವುದಿಲ್ಲ. ಬಾಯಾರಿದರೆ ನಲ್ಲಿಯನ್ನು ತಾನಾಗಿ ತಿರುಗಿಸುವಂತಿಲ್ಲ. ಜವಾನನು ಬಂದು ನೀರು ಬಿಟ್ಟರೆ ಉಂಟು. ಅವನು ರಜೆಯಲ್ಲಿದ್ದರೆ ಅಂದು ನೀರಿಲ್ಲ. ಸುಬೇದಾರರ ಮಗನಾದ್ದರಿಂದ ಮನೆಯಲ್ಲಿ ಊಟಕ್ಕೆ ತೀರ ಕೊರತೆಯಿದ್ದಿಲ್ಲ. ಶಾಲೆಯಲ್ಲಿ ಅವನಿಗಿಂತ ಬಡವರಾದ ಹುಡುಗರು ಅನೇಕರಿದ್ದಿರಬೇಕು. ಅವರು ನಲ್ಲಿಯ ಬಳಿಗೆ ಓಡಿಹೋಗಿ ನೀರು ಕುಡಿಯುತ್ತಿದ್ದರು.

ಸುಮಾರು 1901ರ ಬೇಸಗೆಯಲ್ಲಿ ನಡೆದ ಪ್ರಸಂಗವೊಂದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಆಗ ರಾಮಜಿಯವರು ಗೋರೆಗಾಂವ್ ಎಂಬಲ್ಲಿ ಖಜಾಂಚಿಯ ಕೆಲಸದಲ್ಲಿದ್ದರು. (ಇದು ನಮ್ಮ ಉಪನಗರದ ಗೋರೆಗಾಂವ್ ಅಲ್ಲ, ಸಾತಾರಾ ಜಿಲ್ಲೆಯದು.) ರಜೆಯಲ್ಲಿ ಬರಬೇಕೆಂದು ತಂದೆ ಬರೆದಾಗ ಮಕ್ಕಳ ಸಂಭ್ರಮಕ್ಕೆ ಪಾರವಿರಲಿಲ್ಲ. ಹೊಸ ಅಂಗಿ, ಜರಿಯ ಟೊಪ್ಪಿಗೆ, ಹೊಸ ಪಾದರಕ್ಷೆ, ರೇಷ್ಮೆ ಅಂಚಿನ ಧೋತರ, ಇವನ್ನೆಲ್ಲ ಧರಿಸಿ ಭೀಮನು ತನ್ನ ಅಣ್ಣನೊಡನೆಯೂ ಬಂಧುಬಾಲಕರೊಡನೆಯೂ ರೈಲು ಹತ್ತಿದನು. ಮಸೂರು ನಿಲ್ದಾಣದಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಬರುವ ಸುದ್ದಿ ತಂದೆಗೆ ಮುಟ್ಟಿರಲಿಲ್ಲ. ಬಟ್ಟೆಬರೆ ನೋಡಿ ಸ್ಟೇಷನ್ ಮಾಸ್ತರರು ಇವರನ್ನು ಮೇಲುಜಾತಿಯ ಮಕ್ಕಳೆಂದೇ ತಿಳಿದು ಕನಿಕರದಿಂದ ಮಾತಾಡಿಸಿದರು. ತಾವು ಮಹಾರರೆಂದು ಮಕ್ಕಳು ಹೇಳಿದೊಡನೆ ಅವರ ಮುಖವೇ ಬೇರೆಯಾಯಿತು. ಹೊರಗೆ ಬಾಡಿಗೆ ಗಾಡಿಗಳು ಬೇಕಾದಷ್ಟಿದ್ದವು. ಮಕ್ಕಳ ಕೈಯಲ್ಲಿ ಹಣವೂ ಇತ್ತು. ಆದರೆ ಒಬ್ಬ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಡುವುದು, ಗಾಡಿಯನ್ನು ಹುಡುಗರೇ ಹೊಡೆದುಕೊಳ್ಳುವುದು, ಗಾಡಿಯವನು ಪಕ್ಕದಲ್ಲಿ ನಡೆದುಕೊಂಡು ಬರುವುದು ಎಂದು ಗೊತ್ತಾಯಿತು. ದಾರಿಗೆಂದು ಕಟ್ಟಿಕೊಂಡ ಬುತ್ತಿ ತುಂಬಿತ್ತು, ಆದರೆ ನೀರು ಯಾರೂ ಕೊಡಲಿಲ್ಲ. ನೀರಿಲ್ಲದೆ ಅನ್ನ ಗಂಟಲಲ್ಲಿ ಇಳಿಯದು. ಬುತ್ತಿಯನ್ನು ಪಕ್ಕದಲ್ಲಿಟ್ಟುಕೊಂಡೇ ಆ ಮಕ್ಕಳು ಆ ರಾತ್ರಿ ಹಸಿದು ಮಲಗಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಗೋರೆಗಾಂವ್ ತಲಪಿದರು.

ಹಣವಿಲ್ಲದವನಿಗೆ ಗಾಡಿ ಸಿಗದಿದ್ದರೆ ಅದು ಬಡತನ. ಹಣವಿದ್ದವನು ಎರಡರಷ್ಟು ತೆತ್ತರೂ ಗಾಡಿಯವನು ಜೊತೆಯಲ್ಲಿ ಕೂಡಲೊಲ್ಲನೆಂದರೆ ಅದಕ್ಕೆ ಬೇರೆ ಹೆಸರು ಬೇಕು. ಈ ಭೇದವನ್ನು ಭೀಮರಾಯರು ಪುಸ್ತಕದಿಂದ ಕಲಿಯಲಿಲ್ಲ.

ಬಡತನದ ಪರಿಚಯವಾದುದು ಮುಂದೆ ಮುಂಬಯಿಯಲ್ಲಿ. ಸುಮಾರು 1904ರಲ್ಲಿ ಕುಟುಂಬವು ಈ ನಗರಕ್ಕೆ ಬಂದು ಪರೇಲಿನ ಗಿರಣಿ ಕಾರ್ಮಿಕರ ನಡುವೆ ಒಂದೇ ಕೋಣೆಯಲ್ಲಿ ಬಿಡಾರ ಮಾಡಿತು. ಅಡಿಗೆ, ಊಟ, ನಿದ್ದೆ, ಓದು ಎಲ್ಲವೂ ಅದರಲ್ಲಿಯೇ. ತಂದೆಯು ಮಗನನ್ನು ಸಂಜೆಯೇ ಮಲಗಿಸಿ, ಗದ್ದಲ ಅಡಗಿದ ಮೇಲೆ ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತಿದ್ದರು. ಚಿಮಣಿ ದೀಪದ ಬೆಳಕಿನಲ್ಲಿ ಬೆಳಗಿನವರೆಗೂ ಓದು ಸಾಗುತ್ತಿತ್ತು. ಪುಸ್ತಕಕ್ಕೆ ಹಣ ಸಾಲದಾದಾಗ ರಾಮಜಿಯವರು ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಅವರ ಒಡವೆಗಳನ್ನು ಕೇಳಿ ತಂದು ಅಡವಿಡುತ್ತಿದ್ದರು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈಗಲೂ ರಾತ್ರಿಯ ಓದು ಹೀಗೆಯೇ ನಡೆಯುತ್ತದೆಯಲ್ಲವೆ? ಗದ್ದಲದ ಕೋಣೆಯ ಕಷ್ಟ ಎಲ್ಲ ಜಾತಿಯ ಬಡವರಿಗೂ ಒಂದೇ ಬಗೆಯದು. ಆ ಕಷ್ಟವನ್ನೂ ಅವರು ಉಂಡಿದ್ದರೆಂಬುದನ್ನು ನಾವು ನೆನಪಿನಲ್ಲಿಡಬೇಕು.

1907ರಲ್ಲಿ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮ್ಯಾಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಅದೇ ಸುಮಾರಿಗೆ ರಮಾಬಾಯಿಯವರೊಡನೆ ವಿವಾಹವಾಗಿತ್ತು. ಮದುವೆ ನಡೆದುದು ಭಾಯಖಳಾ ಮಾರುಕಟ್ಟೆಯಲ್ಲಿ, ವ್ಯಾಪಾರ ಮುಗಿದು ಅಂಗಡಿಗಳೆಲ್ಲ ಮುಚ್ಚಿದ ಮೇಲೆ, ರಾತ್ರಿಯ ಹೊತ್ತು. ಬಡೋದೆಯ ಮಹಾರಾಜರಾದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿಗಳ ವೇತನವನ್ನು ದಯಪಾಲಿಸಿದುದರಿಂದ ಕಾಲೇಜಿನ ಓದು ಸಾಗಿ, 1912ರಲ್ಲಿ ಬಿ.ಎ. ಪದವಿ ದೊರೆಯಿತು. ಮರುವರ್ಷ ಅವರ ವೇತನದಿಂದಲೇ ಅಮೆರಿಕಕ್ಕೆ ಪ್ರಯಾಣ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು 1913ರಿಂದ 1916ರವರೆಗೆ ಅರ್ಥಶಾಸ್ತ್ರವನ್ನೂ ಸಮಾಜಶಾಸ್ತ್ರವನ್ನೂ ಅಭ್ಯಸಿಸಿದರು. ಅಲ್ಲಿ ನೀರಿನ ನಲ್ಲಿಯನ್ನು ಮುಟ್ಟಿದರೆ ಯಾರೂ ಹೌಹಾರುತ್ತಿರಲಿಲ್ಲ. ಆದರೆ ಆ ದೇಶದಲ್ಲಿ ಇನ್ನೊಂದು ಬಗೆಯ ಮೇಲುಕೀಳು ಇತ್ತು. ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡೇ ಇರುವ ಹಾರ್ಲೆಮ್ ಬಡಾವಣೆಯಲ್ಲಿ ನೀಗ್ರೋ ಜನರೆಂದು ಆಗ ಕರೆಯಲಾಗುತ್ತಿದ್ದ ಕಪ್ಪು ವರ್ಣದವರು ಬಂದು ನೆಲಸುತ್ತಿದ್ದರು. 1865ರಲ್ಲಿ ಗುಲಾಮಗಿರಿ ರದ್ದಾಗಿತ್ತು, 1868ರಲ್ಲಿ ಸಮಾನ ರಕ್ಷಣೆಯ ವಚನವನ್ನು ಸಂವಿಧಾನಕ್ಕೆ ಸೇರಿಸಲಾಗಿತ್ತು. ಆದರೂ ದಕ್ಷಿಣದ ಸಂಸ್ಥಾನಗಳಲ್ಲಿ ರೈಲುಡಬ್ಬಿ ಬೇರೆ, ಶಾಲೆ ಬೇರೆ, ನೀರು ಬೇರೆ. ಕಾಯಿದೆ ಒಂದು ಹೇಳಿದರೆ ಊರು ಇನ್ನೊಂದು ಮಾಡುತ್ತದೆ ಎಂಬ ಪಾಠ ಇದರಲ್ಲಿತ್ತು.

ವರ್ಣಭೇದವೂ ಜಾತಿಭೇದವೂ ಒಂದೇ ಎಂದು ಅವರು ಆತುರಪಟ್ಟು ತೀರ್ಮಾನಿಸಲಿಲ್ಲ. 1916ರ ಮೇ ತಿಂಗಳಲ್ಲಿ ಅಲ್ಲಿನ ವಿದ್ವಾಂಸರ ಮುಂದೆ ಜಾತಿಗಳ ಉತ್ಪತ್ತಿಯ ಕುರಿತು ಓದಿದ ಪ್ರಬಂಧದಲ್ಲಿ, ಜಾತಿಯ ಬೇರು ರಕ್ತದ ಭೇದದಲ್ಲಿಲ್ಲ, ಒಳಗಿನವರು ಒಳಗೇ ಮದುವೆಯಾಗಬೇಕೆಂಬ ಕಟ್ಟಿನಲ್ಲಿದೆ ಎಂದು ವಾದಿಸಿದರು. ಪಂಜಾಬದ ಬ್ರಾಹ್ಮಣನೂ ಪಂಜಾಬದ ಅಸ್ಪೃಶ್ಯನೂ ಒಂದೇ ಮೂಲದವರು, ಮದರಾಸಿನವರಲ್ಲಿಯೂ ಹಾಗೆಯೇ ಎಂಬುದನ್ನು ಮುಂದೆ ಬರೆದರು. ಮೈಬಣ್ಣ ನೋಡಿ ಜಾತಿಯನ್ನು ಹೇಳಲಾಗದು. ಮಸೂರಿನ ಸ್ಟೇಷನ್ ಮಾಸ್ತರರಿಗೂ ಹೇಳಲಾಗಿರಲಿಲ್ಲ. ಆದರೆ ಹುಟ್ಟಿನಿಂದ ಅಂಟಿಕೊಂಡು ದುಡಿಮೆಯಿಂದ ಕಳಚಿಕೊಳ್ಳಲಾಗದ ಗುರುತು ಎಂಬ ದೃಷ್ಟಿಯಿಂದ ಎರಡಕ್ಕೂ ಸಾಮ್ಯವಿತ್ತು. ಮೂವತ್ತು ವರ್ಷಗಳ ಮೇಲೆ, 1946ರಲ್ಲಿ, ಅಮೆರಿಕದ ಕಪ್ಪು ಜನರ ಮುಖಂಡರೂ ಪ್ರಸಿದ್ಧ ವಿದ್ವಾಂಸರೂ ಆದ ಡಬ್ಲ್ಯು. ಇ. ಬಿ. ಡು ಬಾಯ್ಸ್ ಅವರಿಗೆ ಅಂಬೇಡ್ಕರರು ಪತ್ರ ಬರೆದು, ಆ ಜನರು ಸಂಯುಕ್ತ ರಾಷ್ಟ್ರಸಂಘಕ್ಕೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದರು. ಡು ಬಾಯ್ಸ್ ಅವರು ಅದೇ ಜುಲೈ ತಿಂಗಳಲ್ಲಿ ಸಹಾನುಭೂತಿಯಿಂದ ಉತ್ತರವಿತ್ತರು. ಸಮುದ್ರಗಳ ಆಚೆಈಚೆಗಿನ ಎರಡು ನೋವುಗಳು ಹೀಗೆ ಒಂದನ್ನೊಂದು ಗುರುತು ಹಿಡಿದವು.

ಬಡೋದೆಯ ಸಂಗತಿಗೆ ಮರಳೋಣ. ಅಮೆರಿಕದ ಎಂ.ಎ. ಪದವಿ, ಲಂಡನ್ನಿನಲ್ಲಿ ಒಂದು ವರ್ಷದ ವ್ಯಾಸಂಗ, ಇಷ್ಟನ್ನೂ ಹೊತ್ತು 1917ರಲ್ಲಿ ಅವರು ಒಪ್ಪಂದದಂತೆ ಬಡೋದಾ ಸಂಸ್ಥಾನದ ಸೇವೆಗೆ ಸೇರಿದರು. ಕಚೇರಿಯಲ್ಲಿ ಜವಾನರು ಕಾಗದಪತ್ರಗಳನ್ನು ದೂರದಿಂದಲೇ ಅವರ ಮೇಜಿನ ಮೇಲೆ ಎಸೆಯುತ್ತಿದ್ದರು. ಕುಡಿಯಲು ನೀರು ದೊರೆಯುತ್ತಿರಲಿಲ್ಲ. ಊರಿನಲ್ಲಿ ಬಾಡಿಗೆಗೆ ಮನೆ ಕೊಡುವವರಿಲ್ಲದೆ ಒಂದು ಪಾರಸೀ ವಸತಿಗೃಹದಲ್ಲಿ ಹೆಸರು ಮರೆಸಿಕೊಂಡು ಇಳಿದರು. ಹನ್ನೊಂದನೆಯ ದಿನ ಬೆಳಗ್ಗೆ ದೊಣ್ಣೆ ಹಿಡಿದ ಗುಂಪೊಂದು ಬಂದು, ಅಂದೇ ಜಾಗ ಖಾಲಿ ಮಾಡಬೇಕೆಂದು ಗದರಿಸಿತು. ಇಬ್ಬರು ಗೆಳೆಯರ ಆಶ್ರಯ ಕೇಳಿದರು; ಒಬ್ಬರು ಹಿಂದೂ, ಇನ್ನೊಬ್ಬರು ಕ್ರೈಸ್ತರು. ಇಬ್ಬರೂ ಒಂದೊಂದು ಕಾರಣ ಹೇಳಿ ಜಾರಿಕೊಂಡರು. ಮುಂಬಯಿಯ ರೈಲು ಹೊರಡುವವರೆಗೆ, ಆ ಸಂಸ್ಥಾನದ ಅಧಿಕಾರಿಯಾದ ಈ ವಿದ್ವಾಂಸನು, ಊರ ಉದ್ಯಾನದ ಮರದ ಕೆಳಗೆ ಕುಳಿತು ಕಣ್ಣೀರು ಸುರಿಸಿದನು. ಸಂಬಳ ಬಂದಿತ್ತು, ವಿದ್ಯೆ ಬಂದಿತ್ತು, ಮೇಜು ಕುರ್ಚಿ ಬಂದಿತ್ತು. ನೀರು ಮಾತ್ರ ಬಂದಿರಲಿಲ್ಲ.

1918ರಲ್ಲಿ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದಾಗಲೂ ಅಧ್ಯಾಪಕರ ನೀರಿನ ಕೊಡವನ್ನು ಇವರು ಮುಟ್ಟಬಾರದೆಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರು. ಸಂಬಳದಲ್ಲಿ ಉಳಿಸಿದ ಹಣದಿಂದ 1920ರಲ್ಲಿ ಮತ್ತೆ ಲಂಡನ್ನಿಗೆ ತೆರಳಿ, ಹೊಟ್ಟೆ ಕಟ್ಟಿ ಓದಿ, 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಬರೆದ ಪ್ರಬಂಧಕ್ಕೆ ಡಿ.ಎಸ್‌ಸಿ. ಪದವಿಯನ್ನು ಪಡೆದರು. ಬ್ಯಾರಿಸ್ಟರರೂ ಆದರು. ಆ ವರ್ಷಗಳಲ್ಲಿ ಪರೇಲಿನ ಚಾಳಿನಲ್ಲಿ ರಮಾಬಾಯಿಯವರು ಸಂಸಾರವನ್ನು ಹೇಗೆ ತೂಗಿಸಿದರೆಂಬುದು ಅವರಿಗೇ ಗೊತ್ತು. ಆ ದಂಪತಿಗಳ ಮಕ್ಕಳಲ್ಲಿ ಉಳಿದು ದೊಡ್ಡವನಾದವನು ಯಶವಂತನೊಬ್ಬನೇ. ದೊಡ್ಡವರ ಚರಿತ್ರೆಗಳಲ್ಲಿ ಇಂಥ ತಾಯಂದಿರಿಗೆ ಎರಡು ಸಾಲು ದೊರೆಯುತ್ತದೆ. ನಾನೂ ಹಾಗೆಯೇ ಮಾಡುತ್ತಿರುವೆನೆಂಬ ಅರಿವು ನನಗಿದೆ.

ಬ್ಯಾರಿಸ್ಟರರಾದ ಮೇಲೂ ಅಂಬೇಡ್ಕರರು ಆ ಚಾಳನ್ನು ಬಿಡಲಿಲ್ಲ. ಪರೇಲಿನ ಇಂಪ್ರೂವ್‌ಮೆಂಟ್ ಟ್ರಸ್ಟ್ ಚಾಳಿನ ಸಣ್ಣ ಕೋಣೆಗಳಲ್ಲಿ 1912ರಿಂದ ಸುಮಾರು ಇಪ್ಪತ್ತೆರಡು ವರ್ಷ ವಾಸವಾಗಿದ್ದರು. ನೆರೆಹೊರೆಯವರೆಲ್ಲ ಗಿರಣಿಯವರು. ಬೆಳಗ್ಗೆ ಗಿರಣಿಯ ಸಿಳ್ಳಿಗೆ ಏಳುವ, ಸಂಜೆ ಹತ್ತಿಯ ಧೂಳು ಮೆತ್ತಿಕೊಂಡು ಮರಳುವ ಜನ. 1924ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು. 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಗೆ ಸಹಸ್ರಾರು ಜನರೊಡನೆ ನಡೆದು ಹೋಗಿ ಆ ನೀರನ್ನು ಕುಡಿದರು. ಆ ಕೆರೆಯ ಮೇಲಿನ ಹಕ್ಕನ್ನು ಮುಂಬಯಿ ಹೈಕೋರ್ಟು ಎತ್ತಿಹಿಡಿದುದು 1937ರಲ್ಲಿ. ಕೆರೆಯಲ್ಲಿ ನೀರು ಕುಡಿಯಲು ಹತ್ತು ವರ್ಷದ ವ್ಯಾಜ್ಯ!

ಆಗಿನ ಮುಂಬಯಿ ಪ್ರಾಂತದಲ್ಲಿ ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳೂ ಸೇರಿದ್ದವು. ಆದ್ದರಿಂದ ಅವರ ಕಾರ್ಯವು ಕನ್ನಡ ನಾಡನ್ನೂ ಮುಟ್ಟಿತು. 1925ರಲ್ಲಿ ನಿಪ್ಪಾಣಿಯಲ್ಲಿ ನಡೆದ ಪ್ರಾಂತೀಯ ಪರಿಷತ್ತಿಗೆ ಅವರು ಅಧ್ಯಕ್ಷರಾಗಿದ್ದರು. ಧಾರವಾಡದಲ್ಲಿ ಅವರ ಪ್ರೇರಣೆಯಿಂದ ವಿದ್ಯಾರ್ಥಿನಿಲಯವೊಂದು ನಡೆಯಿತು. ಅದನ್ನು ನೋಡಿಕೊಂಡ ಬಲವಂತ ವರಾಳೆಯವರು ಮುಂದೆ ಬೆಳಗಾವಿ ಭಾಗದಿಂದ ಮುಂಬಯಿಯ ಶಾಸನಸಭೆಗೆ ಆರಿಸಿಬಂದರು.

ಇನ್ನು ಗಿರಣಿಯ ಸಂಗತಿ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇರೆ ಎಲ್ಲಿಯೂ ನನಗೆ ಕಂಡಿಲ್ಲ. ಗಿರಣಿಯಲ್ಲಿ ನೂಲುವ ಖಾತೆ ಒಂದು, ನೇಯುವ ಖಾತೆ ಇನ್ನೊಂದು. ನೇಕಾರನಿಗೆ ಮಜೂರಿ ಹೆಚ್ಚು. ನೂಲುವ ಕಡೆ ಅಸ್ಪೃಶ್ಯರೆನ್ನಿಸಿದವರು ಸಾವಿರಾರು ಮಂದಿ ದುಡಿಯುತ್ತಿದ್ದರು, ಆದರೆ ನೇಯುವ ಖಾತೆಯ ಬಾಗಿಲು ಅವರಿಗೆ ಮುಚ್ಚಿತ್ತು. ಕಾರಣ ವಿಚಿತ್ರವಾದುದು. ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿದಾಗ ಹೊಸ ಕಂಡಿಕೆಯನ್ನು ಹಾಕಿ, ಅದರ ಎಳೆಯ ತುದಿಯನ್ನು ಲಾಳಿಯ ಕಣ್ಣಿನ ಮೂಲಕ ಬಾಯಿಂದ ಹೀರಿ ಹೊರಗೆಳೆಯಬೇಕಾಗಿತ್ತು. ಅಸ್ಪೃಶ್ಯನ ಬಾಯಿ ತಗಲಿದ ಲಾಳಿಯನ್ನು ತಾವು ಮುಟ್ಟೆವೆಂದು ಉಳಿದ ನೇಕಾರರು ಹಟ ಹಿಡಿದಿದ್ದರು. ಇಬ್ಬರೂ ಕೂಲಿಗಳೇ. ಇಬ್ಬರ ಧಣಿಯೂ ಒಬ್ಬನೇ. ಇಬ್ಬರೂ ಒಂದೇ ಸಾಹುಕಾರನಲ್ಲಿ ಸಾಲ ಮಾಡಿ ಒಂದೇ ಬಗೆಯ ಚಾಳಿನಲ್ಲಿ ಬಾಳುವವರು. ವರ್ಗವೆಂಬ ಅಳತೆಗೋಲಿನಿಂದ ಅಳೆದರೆ ಇಬ್ಬರ ನಡುವೆ ಕೂದಲೆಳೆಯ ಅಂತರವೂ ಇಲ್ಲ. ಆದರೆ ಒಂದು ನೂಲೆಳೆಯ ಅಂತರವಿತ್ತು. ಆ ಎಳೆ ಪ್ರತಿತಿಂಗಳ ಸಂಬಳವನ್ನು ಕತ್ತರಿಸುತ್ತಿತ್ತು.

1928ರ ಏಪ್ರಿಲಿನಿಂದ ಅಕ್ಟೋಬರದವರೆಗೆ ಮುಂಬಯಿಯ ಗಿರಣಿಗಳಲ್ಲಿ ಮಹಾಮುಷ್ಕರ ನಡೆಯಿತು. ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಖಂಡರು ಬೇಡಿಕೆಗಳ ಪಟ್ಟಿಯನ್ನು ಸಿದ್ಧಪಡಿಸಿದಾಗ, ಎಲ್ಲ ಖಾತೆಗಳಲ್ಲಿಯೂ ದುಡಿಯುವ ಹಕ್ಕು ಅಸ್ಪೃಶ್ಯರಿಗೂ ಇರಬೇಕೆಂಬುದನ್ನು ಅದರಲ್ಲಿ ಸೇರಿಸಬೇಕೆಂದು ಅಂಬೇಡ್ಕರರು ಪಟ್ಟುಹಿಡಿದರು. ಸೇರಿಸದಿದ್ದರೆ ತಮ್ಮ ಜನರು ಮುಷ್ಕರದಲ್ಲಿ ಉಳಿಯುವುದಿಲ್ಲವೆಂದರು. ಮುಖಂಡರು ಒಲ್ಲದ ಮನಸ್ಸಿನಿಂದ ಸೇರಿಸಿಕೊಂಡರು. ಬೇಡಿಕೆಯು ಗಿರಣಿಯ ಒಡೆಯರ ಮುಂದೆ ಬಂದಾಗ ಅವರು, ಈ ಅನ್ಯಾಯವು ತಮ್ಮ ಮಾಡಿಕೆಯಲ್ಲವೆಂದು ಹೇಳಿ ಕೈತೊಳೆದುಕೊಂಡರು. ಆ ಮಾತಿನಲ್ಲಿ ಅರ್ಧ ಸತ್ಯವಿತ್ತೆಂಬುದೇ ದುಃಖದ ಸಂಗತಿ. ಬಾಗಿಲಿಗೆ ಅಡ್ಡಲಾಗಿ ನಿಂತವನು ಧಣಿಯಲ್ಲ, ಜೊತೆಯ ಕೂಲಿಯೇ.

ನಮ್ಮವರ ಚರಿತ್ರೆಯಲ್ಲಿಯೂ ಇಂಥ ಬಾಗಿಲುಗಳಿದ್ದವು. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಈ ನಗರಕ್ಕೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡ ಕಲಿತು ಮೇಲೆ ಬಂದ ಹುಡುಗರ ಸಾಹಸವನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳತಕ್ಕದ್ದೇ. ಆದರೆ ಹೋಟೆಲಿನ ಅಡಿಗೆಮನೆಯೊಳಕ್ಕೆ ಯಾರು ಹೋಗಬಹುದು, ಯಾರು ಹೋಗಬಾರದು ಎಂಬುದನ್ನು ಜಾತಿಯೇ ನಿರ್ಣಯಿಸುತ್ತಿದ್ದ ಕಾಲವೊಂದಿತ್ತು. ಲೋಟ ತೊಳೆಯುವ ಕೆಲಸದಿಂದ ಒಲೆಯ ಬಳಿಗೆ, ಒಲೆಯಿಂದ ಗಲ್ಲೆಗೆ ಏರುವ ಏಣಿ ಎಲ್ಲ ಬಡಹುಡುಗರಿಗೂ ಒಂದೇ ಆಗಿರಲಿಲ್ಲ.

ಅಂಬೇಡ್ಕರರ ಮೇಲೆ ಆಕ್ಷೇಪಣೆಗಳೂ ಬಂದವು. ಕಾರ್ಮಿಕರ ಒಗ್ಗಟ್ಟನ್ನು ಮುರಿಯುತ್ತಿದ್ದಾರೆಂದು ಸಮಾಜವಾದಿಗಳೂ ಸಾಮ್ಯವಾದಿಗಳೂ ದೂರಿದರು. 1929ರ ಮುಷ್ಕರವನ್ನು ಅವರು ವಿರೋಧಿಸಿದಾಗ ಈ ದೂರು ಇನ್ನಷ್ಟು ಬೆಳೆಯಿತು. ತಿಂಗಳುಗಟ್ಟಲೆ ಕೂಲಿಯಿಲ್ಲದೆ ಸಾಲಕ್ಕೆ ಬಿದ್ದವರನ್ನು ಮತ್ತೆ ಬೀದಿಗಿಳಿಸುವುದು ಸರಿಯಲ್ಲವೆಂದು ಅವರ ಅಭಿಪ್ರಾಯ. ಈ ವಿಷಯದಲ್ಲಿ ಎರಡು ಮಾತಿಗೆ ಎಡೆಯುಂಟು. ಆದರೆ ಒಗ್ಗಟ್ಟಿನ ಪ್ರಶ್ನೆಗೆ ಅವರು ಕೊಟ್ಟ ಸಮಾಧಾನವನ್ನು ಬದಿಗೆ ತಳ್ಳುವುದು ಸುಲಭವಲ್ಲ. 1936ರಲ್ಲಿ ಲಾಹೋರಿನ ಜಾತಿಭಂಜಕ ಮಂಡಲಿಯೊಂದು ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಭಾಷಣದ ಕಟುತ್ವಕ್ಕೆ ಅಂಜಿ ಸಮ್ಮೇಳನವನ್ನೇ ರದ್ದುಮಾಡಿತು. ಅಂಬೇಡ್ಕರರು ಆ ಭಾಷಣವನ್ನು ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿದರು. ಜಾತಿಯ ವಿನಾಶವನ್ನು ಕುರಿತ ಆ ಗ್ರಂಥದಲ್ಲಿ ಅವರು ಸಮಾಜವಾದಿಗಳೊಡನೆ ನೇರವಾಗಿ ವಾದ ಹೂಡಿದರು. ಮನುಷ್ಯನ ಮೇಲೆ ಮನುಷ್ಯನಿಗೆ ಅಧಿಕಾರ ಬರುವುದು ಸಂಪತ್ತಿನಿಂದ ಮಾತ್ರವೆಂದು ತಿಳಿಯುವುದು ತಪ್ಪು. ಕಿಸೆಯಲ್ಲಿ ಕಾಸಿಲ್ಲದ ಸನ್ಯಾಸಿಯ ಮುಂದೆ ಸಾಹುಕಾರನು ಅಡ್ಡಬೀಳುವ ಈ ದೇಶದಲ್ಲಿ ಧರ್ಮವೂ ಅಧಿಕಾರವೇ, ಹುಟ್ಟೂ ಅಧಿಕಾರವೇ. ಸ್ವತ್ತನ್ನು ಸಮನಾಗಿ ಹಂಚಲು ಬಡವರೆಲ್ಲ ಒಂದಾಗಬೇಕಾದರೆ, ಹಂಚಿಕೆಯ ಮರುದಿನ ತನ್ನನ್ನು ಪಕ್ಕದವನು ಸಮಾನನಾಗಿ ಕಾಣುವನೆಂಬ ಭರವಸೆ ಪ್ರತಿಯೊಬ್ಬನಿಗೂ ಇರಬೇಕು. ಆ ಭರವಸೆಯಿಲ್ಲದವನು ಏಕೆ ಕೂಡಿಕೊಂಡಾನು? ಗೋಡೆಯನ್ನು ಕಟ್ಟಿದವರು ಬೇರೆ ಯಾರೋ ಆಗಿದ್ದಾರೆ, ಗೋಡೆಯಿದೆಯೆಂದು ತೋರಿಸಿದವನ ಮೇಲೆ ಅಪವಾದ ಬಂದಿದೆ ಎಂಬುದೇ ಅವರ ವಾದದ ತಿರುಳು.

ಹಾಗೆಂದು ಹಸಿವಿನ ಪ್ರಶ್ನೆಯನ್ನು ಅವರು ಕಡೆಗಣಿಸಿದರೆಂದು ತಿಳಿಯಬಾರದು. ಜಾತಿಯ ಮಾತನ್ನಾಡಿ ಕೂಲಿಯ ಮಾತನ್ನು ಮರೆಯುವವರ ಗುಂಪಿಗೆ ಅವರು ಸೇರಿದವರಲ್ಲ. 1928ರಲ್ಲಿಯೇ ಮಹಾರ ವತನಿನ ಕುರಿತು ಶಾಸನಸಭೆಯಲ್ಲಿ ಮಸೂದೆಯನ್ನು ಮಂಡಿಸಿದರು. ಒಂದು ತುಂಡು ಇನಾಮು ನೆಲಕ್ಕೂ ಊರವರು ಕೊಟ್ಟಷ್ಟು ಕಾಳಿಗೂ ಹಗಲುರಾತ್ರಿ ಸರಕಾರದ ಚಾಕರಿ ಮಾಡಬೇಕಾದ ಆ ಪದ್ಧತಿಯಲ್ಲಿ ಜಾತಿಯೂ ಬಡತನವೂ ಒಂದೇ ಹಗ್ಗದ ಎರಡು ಹುರಿಗಳಂತೆ ಹೆಣೆದುಕೊಂಡಿದ್ದವು. 1936ರ ಆಗಸ್ಟಿನಲ್ಲಿ ಅವರು ಸ್ಥಾಪಿಸಿದ ಪಕ್ಷಕ್ಕೆ ಯಾವ ಜಾತಿಯ ಹೆಸರನ್ನೂ ಇಡದೆ ಸ್ವತಂತ್ರ ಮಜೂರ ಪಕ್ಷವೆಂದು ಹೆಸರಿಟ್ಟರು. 1937ರಲ್ಲಿ ಕೊಂಕಣದ ಖೋತಿ ಜಮೀನುದಾರಿಯನ್ನು ರದ್ದುಪಡಿಸುವ ಮಸೂದೆಯನ್ನು ತಂದರು. ಆ ಹೋರಾಟದಲ್ಲಿ ಕುಣಬಿ ರೈತರೂ ಮಹಾರರೂ ಕೂಡಿ ನಡೆದರು. 1938ರ ಜನವರಿಯಲ್ಲಿ ಸಾವಿರಾರು ರೈತರು ಮುಂಬಯಿಯ ಶಾಸನಸಭೆಯ ಕಡೆಗೆ ಮೆರವಣಿಗೆ ಬಂದರು. ಅದೇ ವರ್ಷದ ನವೆಂಬರ್ 7ರಂದು, ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ ಒಂದು ದಿನದ ಮುಷ್ಕರ ನಡೆದಾಗ, ತಮ್ಮನ್ನು ನಿನ್ನೆಯವರೆಗೂ ಜರೆಯುತ್ತಿದ್ದ ಸಾಮ್ಯವಾದಿಗಳೊಡನೆ ಒಂದೇ ವೇದಿಕೆಯಲ್ಲಿ ನಿಂತರು.

ಆ ವರ್ಷದ ಫೆಬ್ರವರಿಯಲ್ಲಿ ಮನಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಪರಿಷತ್ತು ನೆರೆದಿತ್ತು. ಅಲ್ಲಿ ಅವರು ಎತ್ತಿದ ಒಂದು ಸಣ್ಣ ಉದಾಹರಣೆಯನ್ನು ನಾನು ತರಗತಿಯಲ್ಲಿ ಅನೇಕ ಸಲ ಹೇಳಿದ್ದೇನೆ. ಹಳಿಗಳನ್ನು ದುರಸ್ತಿ ಮಾಡುವ ಗ್ಯಾಂಗಿನಲ್ಲಿ ದಲಿತರು ತುಂಬಿದ್ದರು. ಅವರು ನಿಲ್ದಾಣದ ಪೋರ್ಟರುಗಳಾಗಿ ಮೇಲೇರುವುದು ಮಾತ್ರ ದುರ್ಲಭವಾಗಿತ್ತು. ಏಕೆಂದರೆ ಪೋರ್ಟರನು ಸ್ಟೇಷನ್ ಮಾಸ್ತರರ ಮನೆಗೆಲಸವನ್ನೂ ಮಾಡಬೇಕೆಂಬ ರೂಢಿಯಿತ್ತು, ಅಸ್ಪೃಶ್ಯನನ್ನು ಮಾಸ್ತರರು ಮನೆಯೊಳಗೆ ಬಿಡರು. ರೈಲ್ವೆಯ ನಿಯಮಗಳ ಪುಸ್ತಕದಲ್ಲಿ ಜಾತಿಯ ಹೆಸರು ಎಲ್ಲಿಯೂ ಇರಬೇಕಾಗಿರಲಿಲ್ಲ. ಅದೇ ಪರಿಷತ್ತಿನಲ್ಲಿ ಅವರು ಕಾರ್ಮಿಕನಿಗೆ ಶತ್ರುಗಳು ಇಬ್ಬರೆಂದೂ, ಹುಟ್ಟಿನ ಮೇಲುಕೀಳು ಒಂದು, ಬಂಡವಾಳದ ದಬ್ಬಾಳಿಕೆ ಇನ್ನೊಂದು ಎಂದೂ ತಿಳಿಯಹೇಳಿದರು. ಒಂದನ್ನು ಗೆದ್ದರೆ ಇನ್ನೊಂದು ತಾನಾಗಿ ಸಾಯುವುದೆಂಬ ನಂಬಿಕೆ ಅವರಿಗಿರಲಿಲ್ಲ.

1942ರಿಂದ 1946ರವರೆಗೆ ವೈಸರಾಯರ ಮಂಡಲದಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದಾಗ ದುಡಿಯುವವರೆಲ್ಲರ ಹಿತಕ್ಕಾಗಿ ಕೆಲಸಮಾಡಿದರು. ಕಾರ್ಖಾನೆಗಳಲ್ಲಿ ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿ, ಉದ್ಯೋಗ ವಿನಿಮಯ ಕಚೇರಿಗಳು, ಗಣಿಗಳಲ್ಲಿ ದುಡಿಯುವ ತಾಯಂದಿರಿಗೆ ಹೆರಿಗೆಯ ಸೌಲಭ್ಯ, ಇವುಗಳ ಹಿಂದೆ ಅವರ ಶ್ರಮವಿತ್ತು. 1946ರಲ್ಲಿ ಈ ನಗರದಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದರು.

ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷತೆ ಅವರ ಪಾಲಿಗೆ ಬಂದುದು 1947ರ ಆಗಸ್ಟ್ 29ರಂದು. ಆ ಮಹಾಕಾರ್ಯದ ವಿವರ ನಿಮ್ಮ ಪಠ್ಯಪುಸ್ತಕಗಳಲ್ಲಿಯೇ ಇದೆ. ಇಲ್ಲಿ ಹೇಳಬೇಕಾದುದು ಇಷ್ಟು: ಹದಿನೇಳನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು, ಮೂವತ್ತೊಂಬತ್ತನೆಯ ವಿಧಿಯು ಸಂಪತ್ತು ಕೆಲವರ ಕೈಯಲ್ಲಿ ಕೂಡಿಬೀಳದಂತೆ ನೋಡಿಕೊಳ್ಳಬೇಕೆಂದು ಸರಕಾರಕ್ಕೆ ನಿರ್ದೇಶಿಸಿತು. ಮೊದಲನೆಯದನ್ನು ಮುರಿದವನನ್ನು ನ್ಯಾಯಾಲಯಕ್ಕೆ ಎಳೆಯಬಹುದು, ಎರಡನೆಯದಕ್ಕೆ ಆ ಬಲವಿಲ್ಲ. 1949ರ ನವೆಂಬರ್ 25ರಂದು ಸಂವಿಧಾನಸಭೆಯಲ್ಲಿ ಮಾಡಿದ ಭಾಷಣದಲ್ಲಿ ಅವರು ಸಂತೋಷಕ್ಕಿಂತ ಹೆಚ್ಚಾಗಿ ಕಳವಳವನ್ನೇ ವ್ಯಕ್ತಪಡಿಸಿದರು. ಇನ್ನು ಮೇಲೆ ಮತದಾನದಲ್ಲಿ ಎಲ್ಲರೂ ಸಮಾನರು, ಆದರೆ ಸಮಾಜದಲ್ಲಿಯೂ ಸಂಪತ್ತಿನಲ್ಲಿಯೂ ಅಸಮಾನರು. ಈ ವಿರೋಧವನ್ನು ಬೇಗ ನಿವಾರಿಸದಿದ್ದರೆ ಕಟ್ಟಿದ ಮನೆಯೇ ಕುಸಿದೀತೆಂಬುದು ಅವರ ಎಚ್ಚರಿಕೆ. ಸಮಾಜ, ಸಂಪತ್ತು ಎಂಬ ಎರಡನ್ನೂ ಬಿಡಿಬಿಡಿಯಾಗಿ ಹೆಸರಿಸಿದುದನ್ನು ಗಮನಿಸಿರಿ. ನೀವು ತುಂಬುವ ಅರ್ಜಿಯಲ್ಲಿ ಎರಡು ಕಾಗದಗಳಿರುವುದೂ ಇದಕ್ಕೇ. ಈ ಚರ್ಚೆ ಮುಗಿದಿದೆಯೆಂದು ಹೇಳಲಾರೆ. 2019ರಲ್ಲಿ ಸಂವಿಧಾನದ 103ನೆಯ ತಿದ್ದುಪಡಿಯಿಂದ, ಅದುವರೆಗೆ ಮೀಸಲಾತಿ ಇಲ್ಲದ ಜಾತಿಗಳ ಬಡವರಿಗೂ ಶೇಕಡಾ ಹತ್ತರವರೆಗೆ ಮೀಸಲಾತಿ ದೊರೆಯಿತು. 2022ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಅದನ್ನು ಎತ್ತಿಹಿಡಿದರು, ಇಬ್ಬರು ಒಪ್ಪಲಿಲ್ಲ.

ಹಿಂದೂ ಸಂಹಿತೆಯ ಮಸೂದೆ ನೆನೆಗುದಿಗೆ ಬಿದ್ದುದರಿಂದ ಮನನೊಂದು 1951ರಲ್ಲಿ ಅವರು ಮಂತ್ರಿಪದವಿಯನ್ನು ತ್ಯಜಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ಅದೇ ವರ್ಷದ ಡಿಸೆಂಬರ್ 6ರಂದು ದಿಲ್ಲಿಯಲ್ಲಿ ನಿದ್ದೆಯಲ್ಲಿಯೇ ಅವರ ಪ್ರಾಣ ಹೋಯಿತು.

ಪಾರ್ಥಿವ ಶರೀರವನ್ನು ವಿಮಾನದಲ್ಲಿ ಮುಂಬಯಿಗೆ ತಂದು, ಅವರು 1934ರಿಂದ ವಾಸವಾಗಿದ್ದ ರಾಜಗೃಹದಲ್ಲಿ, ಅವರ ಸಾವಿರಾರು ಪುಸ್ತಕಗಳ ನೆರೆಯಲ್ಲಿ ಇರಿಸಿದರು. ಡಿಸೆಂಬರ್ 7ರಂದು ನಗರದ ಅನೇಕ ಗಿರಣಿಗಳು ಕೆಲಸ ನಿಲ್ಲಿಸಿದವು. ಮಧ್ಯಾಹ್ನ ಹೊರಟ ಅಂತ್ಯಯಾತ್ರೆಯು ವಿನ್ಸೆಂಟ್ ರಸ್ತೆಯನ್ನು ಹಿಡಿದು, ಪರೇಲಿನ ಗಿರಣಿಗಳ ಮತ್ತು ಚಾಳುಗಳ ನಡುವೆ ನಿಧಾನವಾಗಿ ಸಾಗಿ, ಸಂಜೆಯ ವೇಳೆಗೆ ದಾದರಿನ ಕಡಲತೀರವನ್ನು ಸೇರಿತು. ಆ ವಿನ್ಸೆಂಟ್ ರಸ್ತೆಗೆ ಈಗ ಡಾಕ್ಟರ್ ಬಾಬಾಸಾಹೇಬ ಅಂಬೇಡ್ಕರ್ ರಸ್ತೆಯೆಂದು ಹೆಸರು. ಕಿಂಗ್ಸ್ ಸರ್ಕಲಿನಿಂದ ದಾದರಿನ ಕಡೆಗೆ ಬಸ್ಸು ಹತ್ತುವ ನಮ್ಮ ವಿದ್ಯಾರ್ಥಿಗಳು ದಿನವೂ ಅದರ ಮೇಲೆಯೇ ಹೋಗಿಬರುತ್ತಾರೆ.